ಕದ್ದವಳು ಸುರೇಖಾ ಅಲ್ಲ

ಕದ್ದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಶುರು ಮಾಡಿದರೆ ನಡುವೆ ಎಲ್ಲೋ ನನ್ನನ್ನು ನಾನೇ ಒಳ್ಳೆಯವನನ್ನಾಗಿ ಮಾಡಿಕೊಂಡುಬಿಡುತ್ತೇನೆ — ಆ ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ನನ್ನನ್ನು ಇಂಜಿನಿಯರ್ ಎಂದು ಒಪ್ಪಿಕೊಳ್ಳುವಂತೆ ಮಾಡಿದ ವರದಿ ನನ್ನದಲ್ಲ. ಅದರೊಳಗಿನ ಲೆಕ್ಕ ನನ್ನದಲ್ಲ, ನಕ್ಷೆ ನನ್ನದಲ್ಲ, ಹೊಳೆಯ ದಂಡೆಯಲ್ಲಿ ಕೆಸರು ತುಳಿದ ಕಾಲು ಕೂಡ ನನ್ನದಲ್ಲ. ಎಲ್ಲವೂ ಸುರೇಖಾಳದು. ಮುಂದೆ ಅದೇ ಕೆಲಸವನ್ನು ಅವಳು ತನ್ನದೆಂದು ಬರೆದು ಕಳಿಸಿದಾಗ ಅವಳನ್ನು ಕಳ್ಳಿ ಅಂದರು. ಆಗ ನಾನು ಬಾಯಿ ಮುಚ್ಚಿಕೊಂಡು ಕೂತೆ. ಬರೀ ಕೂತಿದ್ದರೆ ಅದೊಂದು ಮಾತಾಗುತ್ತಿತ್ತು. ಸುಳ್ಳು ಕೂಡ ಹೇಳಿದೆ.

ಚಿಕ್ಕೋಡಿಯಲ್ಲಿ ನೀರೆತ್ತುವ ಮೋಟರು ಕೂಡಿಸುವ, ಪೈಪು ಬೆಸೆಯುವ ಒಂದು ವರ್ಕ್‌ಶಾಪು. ಅಲ್ಲಿ ನಾನು ಏಳೆಂಟು ವರ್ಷ ಇಂಜಿನಿಯರ್ ಆಗಿದ್ದೆ. ಇಂಜಿನಿಯರ್ ಎಂದರೆ — ಇಲ್ಲಿಯೂ ನಿಜ ಹೇಳಬೇಕಲ್ಲ — ದರಪಟ್ಟಿ ತಯಾರಿಸುವುದು, ಗಿರಾಕಿಗಳ ಜೊತೆ ಚಹಾ ಕುಡಿಯುವುದು, ಕೆಲಸ ಮುಗಿದ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಗುಂಡಿ ಒತ್ತಿ ತೋರಿಸುವುದು. ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಯವನು ನಾನು. ಉಣ್ಣಲು ಉಡಲು ಕಡಿಮೆ ಇರಲಿಲ್ಲ, ಮಾತಿಗೂ ಕಡಿಮೆ ಇರಲಿಲ್ಲ. ಸುರೇಖಾ ನನಗಿಂತ ಆರು ವರ್ಷ ಚಿಕ್ಕವಳು, ಕೈಕೆಳಗೆ ಸೇರಿದವಳು. ರಾಯಬಾಗದ ಆಚೆ ಅವರ ಊರು. ಅವಳ ಅಪ್ಪ ಬೀರಪ್ಪ ಕುರಿ ಕಾಯುವವನು — ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಿ ನಿಲ್ಲಿಸುತ್ತ, ವರ್ಷದಲ್ಲಿ ಎಂಟು ತಿಂಗಳು ಮನೆಯ ಹೊರಗೇ ಇರುವವನು. ಆ ಮನೆಯಿಂದ ಬಂದು ಇಂಜಿನಿಯರಿಂಗ್ ಓದಿದ ಮೊದಲ ಜೀವ ಅವಳು. ಅದನ್ನು ಅವಳು ಎಂದೂ ಹೇಳಿಕೊಂಡವಳಲ್ಲ, ಅವಳ ಅಪ್ಪ ಮಾತ್ರ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಕೃಷ್ಣೆಯ ದಂಡೆಯ ರೈತರಿಗೆ ಪ್ರತಿ ಮಳೆಗಾಲ ಒಂದೇ ಪಾಡು. ಹೊಳೆ ಏರತೊಡಗಿತೆಂದರೆ ದಂಡೆಯ ಮೇಲಿನ ಮೋಟರು ಬಿಚ್ಚಬೇಕು, ಹಗ್ಗ ಕಟ್ಟಬೇಕು, ಹತ್ತು ಜನ ಕೂಡಿ ಟ್ರ್ಯಾಕ್ಟರಿನಿಂದ ಎಳೆಯಬೇಕು. ಒಂದು ಹೊತ್ತು ತಡವಾದರೆ ಮೋಟರು ಹೊಳೆಯ ಪಾಲು. ಯಡೂರಿನ ಆಚೆಯ ಒಂದು ನೀರಾವರಿ ಸಂಘದವರು ವರ್ಕ್‌ಶಾಪಿಗೆ ಬಂದು, ‘ಇದಕ್ಕ ಏನರ ಮಾಡ್ರೀಪಾ, ವರ್ಷಾ ವರ್ಷಾ ಜೀವಾ ಕೈಯಾಗ ಹಿಡದ ಎಳೀಬೇಕ’ ಎಂದು ಕೂತರು. ನಾನು ‘ಮಾಡೂಣ್ರಿ’ ಎಂದೆ. ಮಾಡಿದವಳು ಸುರೇಖಾ.

ಎರಡು ತಿಂಗಳು ಅವಳು ಆ ದಂಡೆಗೆ ಓಡಾಡಿದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವಳು, ಚಪ್ಪಲಿಯ ತುಂಬ ಕೆಸರು. ಇಳಿಜಾರಿನಲ್ಲಿ ಎರಡು ಹಳಿ, ಹಳಿಯ ಮೇಲೆ ಗಾಲಿಗಳ ಟ್ರಾಲಿ, ಟ್ರಾಲಿಯ ಮೇಲೆ ಮೋಟರು. ಮೇಲುಗಡೆ ಕೈಯಿಂದ ತಿರುಗಿಸುವ ರಾಟೆ. ಹೊಳೆ ಏರಿದಂತೆ ಒಬ್ಬನೇ ಮನುಷ್ಯ ಬೀಡಿ ಸೇದುವಷ್ಟು ಹೊತ್ತಿನಲ್ಲಿ ಮೋಟರನ್ನು ಮೇಲಕ್ಕೆ ಎಳೆದುಕೊಳ್ಳಬಹುದು. ಹೇಳುವುದು ಸುಲಭ. ಹಳಿ ಎಲ್ಲಿಯವರೆಗೆ ಇರಬೇಕು, ದಂಡೆ ಕುಸಿಯದಂತೆ ಕಂಬ ಎಷ್ಟು ಆಳ ಹೂಳಬೇಕು, ಹಗ್ಗ ಎಷ್ಟು ಭಾರ ತಡೆಯಬೇಕು — ಅದೆಲ್ಲ ಅವಳ ಒಂದು ಉದ್ದನೆಯ ನೋಟಬುಕ್ಕಿನಲ್ಲಿತ್ತು. ಹಿಂದಿನ ವರ್ಷಗಳ ಪ್ರವಾಹ ಎಲ್ಲಿಯವರೆಗೆ ಬಂದಿತ್ತು ಎಂದು ದಂಡೆಯ ಅಂಬಿಗರ ಮುದುಕನೊಬ್ಬನನ್ನು ಕೇಳಿ ಕೇಳಿ ಬರೆದುಕೊಂಡಿದ್ದಳು. ನಾನು ಅಲ್ಲಿಗೆ ಹೋದದ್ದು ಎರಡೇ ಸಲ. ಒಂದು ಸಲ ಸಂಘದವರ ಮನೆಯಲ್ಲಿ ಊಟ ಮಾಡಿ ಬಂದೆ, ಇನ್ನೊಂದು ಸಲ ಗುಂಡಿ ಒತ್ತಿ ಬಂದೆ.

ನಕ್ಷೆ ಸಿದ್ಧವಾದಾಗ ಕೆಳಗಿನ ಚೌಕದಲ್ಲಿ ಯಾರ ಹೆಸರು ಹಾಕಬೇಕೆಂಬ ಮಾತು ಬಂತು. ಮಾಲೀಕರು ತಲೆ ಎತ್ತದೆ ಹೇಳಿದರು: ‘ಹೆಣ್ಣ ಹುಡುಗಿ ಮಾಡ್ಯಾಳಂದ್ರ ಸಂಘದವ್ರು ನೂರಾಎಂಟ ಸಂಶಯ ತಗೀತಾರು. ನಿನ್ನ ಹೆಸರ ಹಾಕು.’ ನಾನು ಅವಳ ಮುಖ ನೋಡಿದೆ. ಅವಳು ನಕ್ಕಳು. ‘ಹಾಕ್ರಿ ಸರ್ರ. ಮೋಟರ ಮ್ಯಾಲ ಬಂದ್ರ ಸಾಕು.’

ಮೋಟರು ಮೇಲೆ ಬಂತು. ಆ ಮಳೆಗಾಲದಲ್ಲಿ ಸಂಘದವರು ನನ್ನ ಕೊರಳಿಗೆ ಹಾರ ಹಾಕಿ ಶಾಲು ಹೊದಿಸಿದರು. ಸುರೇಖಾ ಹಿಂದೆ ನಿಂತು ಚಪ್ಪಾಳೆ ಹೊಡೆದಳು. ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲ — ಇಲ್ಲಿ ಕೈ ಅವಳದು, ಬಾಯಿ ನನ್ನದು. ಆದರೂ ಇದನ್ನು ನಾನು ಕಳವು ಎಂದು ಕರೆಯುವುದಿಲ್ಲ. ಅವಳಿಗೆ ಗೊತ್ತಿದ್ದು, ಅವಳ ಎದುರಿಗೇ ಆದದ್ದು ಅದು. ಕಳವು ಇದರ ಮುಂದೆ ಇದೆ.

ನನಗೆ ಹೊರದೇಶಕ್ಕೆ ಹೋಗುವ ಹುಚ್ಚು ಹಿಡಿಯಿತು. ಅಲ್ಲಿಗೆ ಇಂಜಿನಿಯರ್ ಆಗಿ ಹೋಗಬೇಕಾದರೆ ಮೊದಲು ಅಲ್ಲಿಯ ಸಂಸ್ಥೆಯೊಂದು ನಮ್ಮ ಅರ್ಹತೆಯನ್ನು ಪರಿಶೀಲಿಸಬೇಕು. ಸ್ವಂತ ಕೈಯಿಂದ ಮಾಡಿದ ಮೂರು ಕೆಲಸಗಳ ಬಗ್ಗೆ ಮೂರು ವರದಿ ಬರೆದು ಕಳಿಸಬೇಕು. ನಾನು ಬರೆದೆ. ಏನು ಬರೆಯಲಿ? ಮೋಟರು ಕೂಡಿಸಿದ್ದು, ಕೂಡಿಸಿದವರನ್ನು ನೋಡಿಕೊಂಡಿದ್ದು, ಕೆಟ್ಟರೆ ಕಂಪನಿಗೆ ಫೋನ್ ಮಾಡಿದ್ದು. ಮೂರು ತಿಂಗಳ ಮೇಲೆ ಉತ್ತರ ಬಂತು: ಈ ವರದಿಗಳಲ್ಲಿ ನೀವು ಏನನ್ನೂ ವಿನ್ಯಾಸ ಮಾಡಿದ್ದು ಕಾಣುವುದಿಲ್ಲ, ನಿಮ್ಮನ್ನು ಇಂಜಿನಿಯರ್ ಎಂದಲ್ಲ, ಅದಕ್ಕಿಂತ ಒಂದು ದರ್ಜೆ ಕೆಳಗಿನ ತಂತ್ರಜ್ಞ ಎಂದು ಪರಿಗಣಿಸಬಹುದು.

ಅವರು ಹೇಳಿದ್ದು ಸರಿ ಇತ್ತು. ಈ ಒಂದು ಸಾಲನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು. ಎಲ್ಲೋ ದೂರದಲ್ಲಿ ಕೂತ, ನನ್ನ ಮುಖವನ್ನೇ ನೋಡದ ಒಬ್ಬ ಮನುಷ್ಯ ಮೂರು ಕಾಗದ ಓದಿ ನನ್ನ ಯೋಗ್ಯತೆಯನ್ನು ಸರಿಯಾಗಿ ಅಳೆದಿದ್ದ. ಆದರೆ ಆಗ ನನಗೆ ಮೈಯೆಲ್ಲ ಉರಿ. ನನ್ನನ್ನು! ಊರವರೆಲ್ಲ ಇಂಜಿನಿಯರ್ ಸಾಹೇಬ್ರು ಎನ್ನುವ ನನ್ನನ್ನು! ನಮ್ಮಂಥವರಿಗೆ ಅಲ್ಲಿ ಬಣ್ಣದ ಭೇದ ಮಾಡುತ್ತಾರೆ ಎಂದೆ, ಇಂಗ್ಲಿಷಿನ ಸಲುವಾಗಿ ಹೀಗಾಯಿತು ಎಂದೆ. ಹೆಂಡತಿ ವಿದ್ಯಾ, ‘ಹೋಗ್ಲಿ ಬಿಡ್ರಿ, ತಂತ್ರಜ್ಞ ಅಂದ್ರೂ ಕೆಲಸ ಸಿಗತೈತಿ’ ಎಂದಳು. ಅವಳ ಮೇಲೂ ಹರಿಹಾಯ್ದೆ. ಆ ನಿರ್ಧಾರದ ವಿರುದ್ಧ ಮೇಲ್ಮನವಿ ಹಾಕುವ ಅವಕಾಶವಿತ್ತು. ಹಾಕುತ್ತೇನೆ ಎಂದೆ.

ಮೇಲ್ಮನವಿಗೆ ಹೊಸ ಪುರಾವೆ ಬೇಕು. ಸುರೇಖಾ ತನ್ನ ಊರಿಗೆ ಹೋಗಿದ್ದ ಒಂದು ರಜೆಯ ದಿನ ಅವಳಿಗೆ ಫೋನ್ ಮಾಡಿದೆ. ‘ಸುರೇಖಾ, ಆ ಟ್ರಾಲಿ ಲೆಕ್ಕದ ನೋಟಬುಕ್ಕ ಐತೆಲ್ಲ, ಅದರ ಫೋಟೋ ಕಳಸವ್ವಾ. ಒಬ್ಬ ಗಿರಾಕಿಗೆ ತೋರಿಸೂದೈತಿ.’ ಏನೂ ಕೇಳಲಿಲ್ಲ ಅವಳು. ಒಂದೊಂದೇ ಪುಟ ಬಿಸಿಲಿಗೆ ಹಿಡಿದು ಫೋಟೋ ತೆಗೆದು ಕಳಿಸಿದಳು. ಕೊನೆಗೆ, ‘ಅಕ್ಷರ ಕಾಣ್ತಾವ ಇಲ್ರಿ ಸರ್ರ? ಇಲ್ಲಂದ್ರ ಮತ್ತ ತಗದ ಕಳಸ್ತೀನಿ’ ಎಂದು ಬರೆದಿದ್ದಳು. ಕಾಣುತ್ತವೆ ಎಂದೆ. ಚೆನ್ನಾಗಿಯೇ ಕಾಣುತ್ತಿದ್ದವು.

ನಾಲ್ಕು ದಿನ ಕೂತು ನಕಲು ಮಾಡಿದೆ. ಅವಳ ಲೆಕ್ಕ, ಅವಳ ವಾಕ್ಯ, ಅವಳು ಎಲ್ಲಿ ಎಡವಿ ಎಲ್ಲಿ ತಿದ್ದಿಕೊಂಡಳೋ ಆ ಕಥೆ ಕೂಡ. ದಂಡೆಯ ಮಣ್ಣು ಮೊದಲ ಸಲ ಕುಸಿದಾಗ ‘ನನಗೆ’ ಬಂದ ಚಿಂತೆಯನ್ನು ಸಹ ಬರೆದೆ — ಆ ದಿನ ನಾನು ನಿಪ್ಪಾಣಿಯಲ್ಲಿ ಒಂದು ಮದುವೆಯ ಊಟದಲ್ಲಿದ್ದೆ. ಒಂದು ಕಡೆ ಮಾತ್ರ ನಾನು ಅವಳನ್ನು ‘ತಿದ್ದಿದೆ’. ಹೊಳೆಗೆ ಇಳಿಯುವ ಕಲ್ಲಿನ ಪಾವಟಿಗೆಗಳ ಲೆಕ್ಕದಲ್ಲಿ ಅವಳು ಪ್ರವಾಹವನ್ನು ಬರೆದಿಟ್ಟಿದ್ದಳು: ದೊಡ್ಡ ಪ್ರವಾಹದ ಎದುರು ಮೂರು, ಸಣ್ಣ ಪ್ರವಾಹದ ಎದುರು ಒಂಬತ್ತು. ದೊಡ್ಡದಕ್ಕೆ ಮೂರೇ ಪಾವಟಿಗೆ ನೀರೇ? ಅವಸರದಲ್ಲಿ ಅದಲುಬದಲು ಬರೆದಿದ್ದಾಳೆ ಹುಚ್ಚಿ ಎಂದುಕೊಂಡೆ. ದೊಡ್ಡದಕ್ಕೆ ಒಂಬತ್ತು, ಸಣ್ಣದಕ್ಕೆ ಮೂರು ಎಂದು ಬದಲಿಸಿದೆ. ಹಿರಿಯನಾಗಿ ಕಿರಿಯಳ ತಪ್ಪು ಹಿಡಿದ ತೃಪ್ತಿ ಬೇರೆ.

ಮೇಲ್ಮನವಿ ಗೆದ್ದಿತು. ಇಂಜಿನಿಯರ್ ಎಂದು ಒಪ್ಪಿಕೊಂಡರು. ನಮ್ಮೂರಿನ ದಾರಿಗೆ ಅಡ್ಡಲಾಗಿ ನನ್ನ ಫೋಟೋದ ದೊಡ್ಡ ಫ್ಲೆಕ್ಸ್ ಕಟ್ಟಿದರು, ಊರ ತುಂಬ ಪೇಢೆ ಹಂಚಿದರು. ವರ್ಕ್‌ಶಾಪಿನವರೆಲ್ಲ ಬಂದಿದ್ದರು. ಸುರೇಖಾ ವಿದ್ಯಾಳ ಕೈ ಹಿಡಿದು, ‘ಹೋದ ಮ್ಯಾಲ ನಮ್ಮನ್ನ ಮರೀಬ್ಯಾಡ್ರಿ ವೈನಿ’ ಎಂದಳು. ನಾನು ಆ ದಿನ ಅವಳ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಿದ್ದೆ — ಇದು ನನಗೆ ಈಗ ಹೆಚ್ಚು ನಾಚಿಕೆ ತರಿಸುತ್ತದೆ. ಕಳ್ಳನ ಮನಸ್ಸು ಹುಳ್ಳಗೆ ಅಂತಾರೆ. ನನ್ನ ಮನಸ್ಸು ಹುಳ್ಳಗೂ ಆಗಿರಲಿಲ್ಲ.

ಎರಡು ವರ್ಷ ಕಳೆದವು. ಅಲ್ಲಿ ನನಗೆ ಕೆಲಸ, ಮನೆ, ಮಗಳಿಗೆ ಶಾಲೆ ಎಲ್ಲ ಕೂಡಿಬಂತು. ಒಂದು ದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸುರೇಖಾಳ ಫೋನು. ತಾನೂ ಅದೇ ಸಂಸ್ಥೆಗೆ ಅರ್ಜಿ ಹಾಕಿದ್ದಳು, ನನಗೆ ತಿಳಿಸಿರಲಿಲ್ಲ. ಹೆಸರಿನ ಚೌಕದಲ್ಲಿ ಒಮ್ಮೆಯೂ ತನ್ನ ಹೆಸರು ಬರದ ವರ್ಕ್‌ಶಾಪಿನಲ್ಲಿ ಆರು ವರ್ಷ ದುಡಿದ ಮೇಲೆ, ಇಂಜಿನಿಯರ್ ಎಂದು ತನ್ನ ಹೆಸರಿನಲ್ಲಿ ಒಂದು ಕಾಗದ ಬೇಕು ಎನಿಸಿದ್ದು ತಪ್ಪೇ? ತನ್ನ ಎಲ್ಲಕ್ಕಿಂತ ಒಳ್ಳೆಯ ಕೆಲಸವನ್ನೇ ಅವಳು ಬರೆದಿದ್ದಳು. ಟ್ರಾಲಿಯನ್ನು.

‘ಸರ್ರ, ನನ್ನ ವರದಿ ಬ್ಯಾರೇದವರದು ಕದ್ದದ್ದು ಅಂತ ಬರದಾರ್ರಿ. ಇದರಂಗನ ಇನ್ನೊಂದ ಅವರ ಕಡೆ ಮೊದಲ ಬಂದೈತಂತ. ಸುಳ್ಳ ಮಾಹಿತಿ ಕೊಟ್ಟಾಳ ಅಂತ ನನ್ನ ಹೆಸರಿನ ಮ್ಯಾಲ ಬರದ ಇಟ್ಟಾರ.’ ಒಂದೊಂದೇ ಮಾತು ನಿಧಾನ ಇಡುತ್ತಿದ್ದಳು. ‘ಆ ನೋಟಬುಕ್ಕ ಯಾರ ಕೈಯಾಗ ಹೋಗಿರಬೇಕ್ರಿ? ನಿಮಗೇನರ ನೆನಪ ಐತೇನು?’

ಕೈಯಲ್ಲಿ ಚಪಾತಿಯ ತುತ್ತು ಇತ್ತು. ಅದನ್ನು ಹಾಗೆಯೇ ಡಬ್ಬಿಗೆ ಹಾಕಿದೆ. ‘ವೀಸಾ ಏಜೆಂಟರ ಕಡೆಯವ್ರು ಯಾರರ ಮಾರಿರಬೇಕ,’ ಎಂದೆ. ‘ಇಂಥಾವು ಭಾಳ ನಡೀತಾವ.’

‘ನಾ ಏಜೆಂಟ್ ಕಡೆ ಹೋಗೇ ಇಲ್ರಿ.’

‘ಹಂಗಾರ ವರ್ಕ್‌ಶಾಪಿನ ಕಂಪ್ಯೂಟರದಾಗಿಂದ ಯಾರರ ತಗೊಂಡಿರಬೇಕ.’ ಒಂದು ಸುಳ್ಳು ಜಾರಿದ ಕೂಡಲೇ ಇನ್ನೊಂದು ತಯಾರಿತ್ತು. ನೋಟಬುಕ್ಕು ಕಂಪ್ಯೂಟರಿಗೆ ಹತ್ತಿಯೇ ಇರಲಿಲ್ಲ ಎಂಬುದು ಇಬ್ಬರಿಗೂ ಗೊತ್ತು.

‘ಹಂಗಂತೀರಿ?’ ಎಂದಳು. ಮತ್ತೆ, ‘ಮೇಲ್ಮನವಿ ಹಾಕಬೇಕ್ರಿ. ಹದಿನೈದ ದಿನ ಐತಿ. ಈ ಕೆಲಸ ನಾನ ಮಾಡೀನಿ ಅಂತ ನೀವ ಒಂದ ಪತ್ರ ಬರದ ಕೊಡ್ರಿ. ಅಷ್ಟ ಆದ್ರ ಸಾಕು.’

‘ಬರೀತೀನಿ ತಂಗಿ,’ ಎಂದೆ. ತಂಗಿ ಎಂದೆ.

ಬರೆಯಲಿಲ್ಲ. ಬರೆದರೆ ಮೊದಲು ಬಂದ ವರದಿ ಯಾರದು ಎಂದು ಅವರು ನೋಡುತ್ತಾರೆ, ನೋಡಿದರೆ ನನ್ನ ವೀಸಾ, ನನ್ನ ಕೆಲಸ, ಮಗಳ ಶಾಲೆ — ಲೆಕ್ಕದಲ್ಲಿ ದಡ್ಡನಾದ ನಾನು ಈ ಲೆಕ್ಕವನ್ನು ಮಾತ್ರ ಒಂದೇ ಉಸಿರಿಗೆ ಮಾಡಿ ಮುಗಿಸಿದ್ದೆ. ಐದು ದಿನದ ಮೇಲೆ ಅವಳು ನೆನಪಿಸಿದಳು. ಜ್ವರ ಎಂದೆ. ಹತ್ತನೆಯ ದಿನ ನೆನಪಿಸಿದಳು. ನೋಡಿಯೂ ಉತ್ತರ ಕೊಡಲಿಲ್ಲ. ಹದಿನಾರನೆಯ ದಿನ ಫೋನ್ ಬರಲಿಲ್ಲ. ಆ ದಿನ ನನಗೆ ಹಸಿವೆ ಚೆನ್ನಾಗಿ ಆಯಿತು. ಇದನ್ನೂ ಮುಚ್ಚಿಡಬಾರದು.

ಸುದ್ದಿ ವರ್ಕ್‌ಶಾಪಿಗೆ ಮುಟ್ಟಿತು. ಟ್ರಾಲಿ ಯಾರ ಕೆಲಸವೆಂದು ಗೊತ್ತಿದ್ದೂ, ನಕ್ಷೆಯ ಮೇಲೆ ಹೆಸರು ಬದಲಿಸಿದ್ದು ಹೊರಬೀಳಬಾರದೆಂದು ಮಾಲೀಕರು ಅವಳನ್ನು ನಕ್ಷೆಯ ಕೆಲಸದಿಂದ ತೆಗೆದು ಉಗ್ರಾಣದಲ್ಲಿ ನಟ್ಟು ಬೋಲ್ಟು ಕೊಡಲು ಕೂಡಿಸಿದರಂತೆ. ಅವಳು ಕೆಲಸ ಬಿಟ್ಟಳಂತೆ. ಎಲ್ಲವೂ ‘ಅಂತೆ’ಯಲ್ಲೇ ನನಗೆ ತಿಳಿಯಿತು, ನಾನಾಗಿ ಯಾರನ್ನೂ ಕೇಳಲಿಲ್ಲ.

ಆ ವರ್ಷ ರಜೆಗೆ ಊರಿಗೆ ಬಂದೆ. ಒಂದು ದಿನ ಬೆಳಿಗ್ಗೆ ಮನೆಯ ಮುಂದೆ ಬೀರಪ್ಪ ಬಂದು ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬಡಿಗೆ. ಎರಡು ಬಸ್ಸು ಬದಲಿಸಿ ಬಂದಿದ್ದ. ಕುರ್ಚಿ ಕೊಟ್ಟರೂ ಕೂರಲಿಲ್ಲ, ಕಟ್ಟೆಯ ಅಂಚಿಗೆ ಕೂತ. ನನ್ನ ಅಣ್ಣ, ಬಂದ ಬೀಗರು, ನಾಲ್ಕು ಜನ ಅಲ್ಲಿದ್ದರು. ಅವನು ಸುತ್ತಿ ಬಳಸುವ ಮನುಷ್ಯನಲ್ಲ.

‘ಸಾಹೇಬ್ರ, ನಮ್ಮ ಹುಡುಗಿ ಯಾರದೋ ಕಾಗದ ಕದ್ದಾಳಂತ ಅಂತಾರ. ಕುರಿ ಕಾಯೂ ಮಂದಿ ನಾವು, ಮತ್ತೊಬ್ಬರ ಮರಿ ನಮ್ಮ ಹಿಂಡಿನಾಗ ಬಂದ್ರ ರಾತ್ರಿ ಅಂದ್ರ ರಾತ್ರಿ ಹೊತಗೊಂಡ ಹೋಗಿ ಬಿಟ್ಟ ಬರ್ತೇವಿ. ಕಳವ ಅನ್ನೂ ಮಾತ ನಮ್ಮ ಮನಿಗೆ ಹತ್ತಿಲ್ರಿ. ನೀವ ಆಕಿಗೆ ದೊಡ್ಡ ಸಾಹೇಬ್ರ ಇದ್ರಿ. ನಿಮ್ಮ ಬಾಯಿಲೆ ಕೇಳಿ ಹೋಗೂಣಂತ ಬಂದೀನಿ. ಕದ್ದಾಳೇನ್ರಿ ಆಕಿ?’

ಒಂದೇ ಶಬ್ದ ಸಾಕಿತ್ತು. ಇಲ್ಲ. ನಾನು ಏನನ್ನೂ ಒಪ್ಪಿಕೊಳ್ಳಬೇಕಾಗಿರಲಿಲ್ಲ, ಯಾವ ಕಾಗದಕ್ಕೂ ಸಹಿ ಹಾಕಬೇಕಾಗಿರಲಿಲ್ಲ. ಇಲ್ಲ ಎಂದಿದ್ದರೆ ನನ್ನ ಒಂದು ಕೂದಲೂ ಕೊಂಕುತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ಇಲ್ಲ ಎಂದರೆ, ಹಾಗಾದರೆ ಯಾರು ಎಂದು ಈ ಮುದುಕ ಕೇಳಿದರೆ? ಬೀಗರ ಎದುರಿಗೆ ಕೇಳಿದರೆ?

‘ನನಗೇನ ಗೊತ್ತ ಕಾಕಾ,’ ಎಂದೆ. ‘ನಾ ಇಲ್ಲಿದ್ದಿದ್ದಿಲ್ಲಲ್ಲ.’

ಅವನು ನನ್ನ ಮುಖವನ್ನು ನೋಡಿದ. ‘ನೀವ ಇಲ್ಲ ಅಂತೀರಿ ಅಂತ ಬಂದಿದ್ದೆ,’ ಎಂದು ಎದ್ದ. ಅವ್ವ ಚಹಾ ತಂದಳು. ಬೇಡ ಎಂದು ಕೈ ಮುಗಿದು ಹೋದ.

ಅದಾದ ಮೇಲೆ ಮೂರು ವರ್ಷ ನಾನು ಊರಿಗೆ ಬರಲಿಲ್ಲ. ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ರಜೆ ಸಿಕ್ಕಿತ್ತು.

ಈ ಬೇಸಿಗೆಯಲ್ಲಿ ವಿದ್ಯಾ, ಮಗಳ ಜೊತೆ ಬಂದೆ. ನನ್ನ ಮನಸ್ಸು ಕರಗಿ, ಕ್ಷಮೆ ಕೇಳಲು ಹುಡುಕಿಕೊಂಡು ಹೋದೆ ಎಂದು ಬರೆಯಲು ಆಸೆಯಾಗುತ್ತದೆ. ಹಾಗೇನೂ ಆಗಲಿಲ್ಲ. ಅಣ್ಣನ ತೋಟದ ಮೋಟರು ಸುಟ್ಟಿತ್ತು, ಎರಡು ಸಲ ತಂತಿ ಸುತ್ತಿಸಿದರೂ ಮತ್ತೆ ಮತ್ತೆ ಸುಡುತ್ತಿತ್ತು. ‘ರಾಯಬಾಗದಾಗ ಒಬ್ಬಾಕಿ ವೈಂಡಿಂಗ್ ಅಂಗಡಿ ಹಾಕ್ಯಾಳ. ಆಕಿ ಸುತ್ತಿದ್ದ ಸುಡೂದಿಲ್ಲಂತ. ಗಾಡ್ಯಾಗ ಹಾಕ್ಕೊಂಡ ಹೋಗು’ ಎಂದ ಅಣ್ಣ. ಹೋದೆ. ಅಂಗಡಿಯ ಬಾಗಿಲಲ್ಲಿ ಮೋಟರು ಇಳಿಸುವಾಗ ತಲೆ ಎತ್ತಿ ನೋಡಿದರೆ — ತಾಮ್ರದ ತಂತಿಯ ಉಂಡೆ ಮುಂದಿಟ್ಟುಕೊಂಡು ಸುರೇಖಾ ಕೂತಿದ್ದಳು.

‘ಬರ್ರಿ ಸರ್ರ,’ ಎಂದಳು. ‘ಯಾವಾಗ ಬಂದ್ರಿ?’

ಕಣ್ಣ ಸುತ್ತ ಕಪ್ಪಾಗಿತ್ತು, ಬೆರಳ ತುದಿಗಳು ವಾರ್ನಿಶ್ ಹತ್ತಿ ಕಂದಾಗಿದ್ದವು. ಮೋಟರು ಬಿಚ್ಚಿ ನೋಡಿ, ಮೊದಲು ಸುತ್ತಿದವನು ಎಳೆ ಕಡಿಮೆ ಹಾಕಿ ಮೋಸ ಮಾಡಿದ್ದಾನೆ ಎಂದಳು. ಮೋಸ ಎಂಬ ಆ ಶಬ್ದಕ್ಕೋ ಏನೋ, ನನ್ನ ಬಾಯಿಂದ ಮಾತು ಬಿತ್ತು. ‘ಸುರೇಖಾ, ಆ ವರದಿ — ಮೊದಲ ಹೋಗಿತ್ತಲ್ಲ — ಅದು ನಾನ...’

‘ಗೊತ್ತೈತ್ರಿ,’ ಎಂದಳು ಅವಳು, ತಂತಿಯಿಂದ ಕಣ್ಣು ತೆಗೆಯದೆ.

‘ಯಾವಾಗಿಂದ?’

‘ನಿಮಗ ಫೋನ್ ಮಾಡೂಕಿಂತ ಮೊದಲಿಂದ.’

ಅವಳು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಸಂಸ್ಥೆಯವರು ಅವಳಿಗೆ, ಇಗೋ ಇದನ್ನು ನೀವು ಕದ್ದಿದ್ದೀರಿ ಎಂದು ಮೊದಲ ವರದಿಯ ಕೆಲವು ಪುಟಗಳನ್ನು ಹೆಸರು ಮರೆಮಾಡಿ ಕಳಿಸಿದ್ದರು. ಅದರಲ್ಲಿ ಪ್ರವಾಹದ ಕೋಷ್ಟಕವಿತ್ತು: ದೊಡ್ಡದಕ್ಕೆ ಒಂಬತ್ತು, ಸಣ್ಣದಕ್ಕೆ ಮೂರು. ಹೊಳೆಯ ದಂಡೆಯ ಜನ ನೀರಲ್ಲಿ ಮುಳುಗಿದ ಪಾವಟಿಗೆಗಳನ್ನು ಎಣಿಸುವುದಿಲ್ಲವಂತೆ. ಕೆಳಗಿನವು ಹೂಳಿನಲ್ಲಿ ಎಂದೋ ಹೋಗಿವೆ, ಎಷ್ಟಿದ್ದವೋ ಯಾರಿಗೂ ತಿಳಿಯದು. ಅವರು ಎಣಿಸುವುದು ಮೇಲಿನಿಂದ, ಇನ್ನೂ ಒಣಗಿ ಉಳಿದವನ್ನು. ಮೂರು ಎಂದರೆ ಇನ್ನು ಮೂರೇ ಉಳಿದಿವೆ, ಮನೆ ಬಿಟ್ಟು ಏಳಿರಿ ಎಂದು. ದೊಡ್ಡ ಪ್ರವಾಹದ ಎದುರು ಮೂರು ಎಂದು ಬರೆದದ್ದು ತಪ್ಪಾಗಿರಲಿಲ್ಲ. ನನ್ನ ‘ತಿದ್ದುಪಡಿ’ಯ ಪ್ರಕಾರ ಹಳಿ ಹಾಕಿದ್ದರೆ ಮೊದಲ ಮಳೆಗಾಲಕ್ಕೇ ಮೋಟರು ಮುಳುಗುತ್ತಿತ್ತು.

‘ದಂಡಿ ಮ್ಯಾಲ ಒಂದ ದಿನಾ ನಿಂತಾಂವ ಹಿಂಗ ಬರೀತಿದ್ದಿಲ್ರಿ,’ ಎಂದಳು. ‘ಫೋಟೋ ನಾ ಕಳಿಸಿದ್ದು ನಿಮ್ಮೊಬ್ಬರಿಗೇ.’

‘ಹಂಗಾರ ಅವರಿಗೆ ಯಾಕ ಹೇಳಲಿಲ್ಲ?’

‘ಹೇಳೂದಿತ್ತು. ನಿಮ್ಮ ಮಗಳ ಶಾಲಿ ಸುರು ಆಗೇತಿ ಅಂತ ವೈನಿ ಫೋಟೋ ಕಳಿಸಿದ್ರು ಆ ವಾರನ.’ ತಂತಿ ಕತ್ತರಿಸಿದಳು. ‘ನಾ ಫೋನ್ ಮಾಡಿದ್ದು ಪತ್ರಕ್ಕಲ್ರಿ. ನೀವ ಹೇಳ್ತೀರೇನೋ ಅಂತ ಮಾಡಿದ್ದೆ. ಹದಿನೈದೂ ದಿನಾ ದಾರಿ ನೋಡಿದೆ.’

ನಾನು ಅಳಲಿಲ್ಲ. ಅಳುವ ಹಕ್ಕು ನನಗಿರಲಿಲ್ಲ, ಅದು ಅವಳ ಅಂಗಡಿ. ಏನು ಮಾಡಲಿ ಎಂದು ಕೇಳಿದೆ, ಹೇಡಿಯ ಹಾಗೆ, ಅದನ್ನೂ ಅವಳೇ ಹೇಳಲಿ ಎಂಬಂತೆ.

‘ಆ ದೇಶ ನನಗೀಗ ಬ್ಯಾಡ್ರಿ. ಸುಳ್ಳಿ ಅಂತ ನನ್ನ ಹೆಸರಿನ ಮ್ಯಾಲ ಬರದ ಇಟ್ಟಾರಲ್ಲ, ಅದನ್ನ ಅಳಿಸ್ರಿ. ನನ್ನ ಸಲುವಾಗಿ ಮಾಡೀನಿ ಅಂತ ಮಾತ್ರ ಅನಬ್ಯಾಡ್ರಿ. ಖರೇ ಐತಿ ಅಂತ ಮಾಡ್ರಿ.’

‘ನಿಮ್ಮಪ್ಪಗ...’

ಅವಳ ಕೈ ನಿಂತಿತು. ಅಷ್ಟು ಹೊತ್ತಿನಲ್ಲಿ ಆ ಒಂದು ಸಲ. ‘ಅದನ್ನ ನಾ ಹೇಳೂದಿಲ್ರಿ,’ ಎಂದಳು. ‘ಅದು ನೀವ ಹೇಳೂ ಮಾತು.’

ಮನೆಗೆ ಬಂದು ವಿದ್ಯಾಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ, ನಾನು ಸಂಸ್ಥೆಗೆ ಬರೆದ ಪತ್ರವನ್ನು ಕೇಳಿ ತೆಗೆದುಕೊಂಡು ಓದಿದಳು. ‘ಆಗಿನ ಪರಿಸ್ಥಿತಿಯೊಳಗ ಹಿಂಗ ಮಾಡಿದೆ ಅಂತ ಬರದೀರಲ್ಲ, ಅದನ್ನ ತಗೀರಿ. ಯಾವ ಪರಿಸ್ಥಿತಿ? ಮನಿಯಾಗ ಉಣ್ಣಾಕ ಇದ್ದಿದ್ದಿಲ್ಲೇನು?’ ತೆಗೆದೆ. ತೆಗೆದ ಮೇಲೆ ಉಳಿದದ್ದು ಆರೇ ಸಾಲು. ವ್ಯರ್ಥ ಶಬ್ದ ಒಂದೂ ಇಲ್ಲದೆ ನಾನು ಬರೆದ ಮೊದಲ ವರದಿ ಅದು. ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ. ನನ್ನ ಅರ್ಹತೆ ಹೋಗಬಹುದು, ವೀಸಾ ಹೋಗಬಹುದು, ಮಗಳು ನನ್ನನ್ನು ಯಾಕೆ ಎಂದು ಕೇಳಬಹುದು. ಕೇಳಿದರೆ ಇದನ್ನೇ ಓದಲು ಕೊಡುತ್ತೇನೆ.

ಬೀರಪ್ಪನನ್ನು ಹುಡುಕಲು ಎರಡು ದಿನ ಹಿಡಿಯಿತು. ಕಾಗವಾಡದ ಹತ್ತಿರ ಯಾರದೋ ಹೊಲದಲ್ಲಿ ಕುರಿ ತರುಬಿದ್ದ. ಬೆಳಗಿನ ಹೊತ್ತು, ಕುರಿಗಳನ್ನು ಆಗಷ್ಟೇ ರಾತ್ರಿಯ ಬಲೆಯ ದೊಡ್ಡಿಯಿಂದ ಬಿಟ್ಟು ಬದುವಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ‘ಬರ್ರಿ ಸಾಹೇಬ್ರ,’ ಎಂದ. ಅದೇ ಮರ್ಯಾದೆ.

ನಿಂತೇ ಹೇಳಿದೆ. ‘ಕಾಕಾ, ಮೂರ ವರ್ಷದ ಹಿಂದ ನೀವ ಒಂದ ಮಾತ ಕೇಳಿದ್ರಿ. ಸುರೇಖಾ ಕದ್ದಿಲ್ಲ. ಆಕಿ ಬರದದ್ದನ್ನ ಕದ್ದಾಂವ ನಾನು. ಅವತ್ತ ನನಗ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲಂದೆ.’

ಬಡಿಗೆ ಎತ್ತುತ್ತಾನೆ ಎಂದುಕೊಂಡಿದ್ದೆ. ಎತ್ತಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವನು ಬದುವಿನ ಮೇಲೆ ಮತ್ತೆ ಕೂತುಬಿಟ್ಟ. ಆಮೇಲೆ, ನನಗಲ್ಲ, ತನಗೆ ತಾನೇ ಎಂಬಂತೆ ಹೇಳಿದ:

‘ನಿಮ್ಮನಿಯಿಂದ ಬಂದ ದಿನದಿಂದ ನಾ ಆಕಿ ಕೂಡ ಮಾತ ಬಿಟ್ಟೀನಿ. ಎದರ ಬಂದ ನಿಂತ್ಳು, ಅಪ್ಪಾ ಅಂದ್ಳು. ಮಾರಿ ತಿರುವಿದೆ. ಸಾಹೇಬ್ರ ಬಾಯಿಲೆ ಇಲ್ಲ ಅನ್ನೂ ಮಾತ ಬರಲಿಲ್ಲಲ್ಲ ಅಂದ್ರ ಖರೇನ ಇರಬೇಕಂತ... ಮೂರ ವರ್ಷಾತು.’

ಇದು ನನಗೆ ಗೊತ್ತಿರಲಿಲ್ಲ. ಸುರೇಖಾ ಹೇಳಿರಲಿಲ್ಲ. ಅವಳ ಕೈ ಯಾಕೆ ನಿಂತಿತ್ತು ಎಂದು ಆಗ ತಿಳಿಯಿತು. ನಾನು ಅವಳಿಂದ ಕದ್ದದ್ದು ಒಂದು ವರದಿ ಎಂದು ತಿಳಿದುಕೊಂಡಿದ್ದೆ.

ಬೀರಪ್ಪ ಎದ್ದ. ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಸುತ್ತ ನೋಡಿದ, ಹೊಲದಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಮತ್ತಾರೂ ಇರಲಿಲ್ಲ. ಬಡಿಗೆಯನ್ನು ನನ್ನ ಕೈಗೆ ಕೊಟ್ಟ. ‘ಇಲ್ಲೇ ನಿಂದರ್ರಿ,’ ಎಂದ. ‘ಆ ಜ್ವಾಳದ ಕಡೆ ಹೋಗಗೊಡಬ್ಯಾಡ್ರಿ. ನಾ ರಾಯಬಾಗಕ್ಕ ಹೋಗಿ ಬರ್ತೀನಿ.’ ಆ ವಯಸ್ಸಿನಲ್ಲಿ ಅವನು ಬಸ್ಸಿನ ಹಾದಿಗೆ ಓಡಿದ ಹಾಗೆ ಯಾರೂ ಓಡಿದ್ದನ್ನು ನಾನು ನೋಡಿಲ್ಲ.

ಸಂಜೆಯವರೆಗೂ ಆ ಬಿಸಿಲಲ್ಲಿ ಕುರಿಗಳ ಹಿಂದೆ ತಿರುಗಿದೆ. ಅವು ನನ್ನ ಮಾತು ಕೇಳಲಿಲ್ಲ, ಎರಡು ಸಲ ಜೋಳಕ್ಕೆ ನುಗ್ಗಿದವು. ನೀರು ಕುಡಿಯಲು ಕೂಡ ನಾನು ಆ ಹೊಲ ಬಿಟ್ಟು ಹೋಗಲಿಲ್ಲ. ನಾನು ಕಳ್ಳ ಎಂದು ಆಗಷ್ಟೇ ನನ್ನ ಬಾಯಿಂದಲೇ ಕೇಳಿದ್ದ ಆ ಮನುಷ್ಯ ತನ್ನ ಇಡೀ ಹಿಂಡನ್ನು ನನ್ನ ಕೈಗೆ ಬಿಟ್ಟು ಮಗಳ ಕಡೆಗೆ ಹೋಗಿದ್ದ. ಎಣಿಸಿಯೂ ಇರಲಿಲ್ಲ.